ಮೂರು ಪರ್ಸೆಂಟಿನ ಊರಿಗೆ

ಯುರೋಪಿಗೆ ಹೋದವರು ಗೋಪುರ, ಹಿಮ, ಹೂವಿನ ತೋಟ ನೋಡಿಕೊಂಡು ಬರುತ್ತಾರೆ. ನಾನು ಹೋದದ್ದು ಒಂದು ಸಂಖ್ಯೆಯನ್ನು ನೋಡುವುದಕ್ಕೆ. ಅದೇನು ಭಾರಿ ಸಂಖ್ಯೆಯೂ ಅಲ್ಲ, ಬರೀ ಮೂರು. ಹೀಗೆಂದರೆ ತಿಪಟೂರಿನಲ್ಲಿ ಯಾರಾದರೂ ನಗುತ್ತಾರೆ. ನಕ್ಕರು ಕೂಡ. ನಮ್ಮ ನಾದಿನಿಯಂತೂ, "ರಿಟೈರಾದ ಮೇಲೆ ಅತ್ತಿಗೆಗೆ ತಲೆ ನಿಲ್ತಿಲ್ಲ" ಎಂದು ಹುಳಿಯಾರಿನವರೆಗೂ ಸುದ್ದಿ ಮುಟ್ಟಿಸಿದಳು. ಆದ್ದರಿಂದ ಹೋದದ್ದು ಯಾಕೆ ಎಂಬುದನ್ನು ಮೊದಲೇ ಹೇಳಿಬಿಡುವುದು ವಾಸಿ.

ಹೊರಡುವ ಮೊದಲು, ತಿಪಟೂರು

ಮೂವತ್ತು ವರ್ಷ ನಾನು ತಿಪಟೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿದೆ. ಪ್ರತಿ ವರ್ಷ ವಿತ್ತೀಯ ಕೊರತೆಯ ಪಾಠ ಬರುತ್ತಿತ್ತು. ಸರ್ಕಾರ ಒಂದು ವರ್ಷದಲ್ಲಿ ತನ್ನ ಆದಾಯಕ್ಕಿಂತ ಎಷ್ಟು ಹೆಚ್ಚು ಖರ್ಚು ಮಾಡಿತೋ ಅದು ಕೊರತೆ. ಅದನ್ನು ರೂಪಾಯಿಯಲ್ಲಿ ಹೇಳಿದರೆ ಸೊನ್ನೆ ಎಣಿಸುವುದರಲ್ಲೇ ಗಂಟೆ ಹೊಡೆದುಬಿಡುತ್ತದೆ. ಅದಕ್ಕೆ, ಆ ವರ್ಷ ದೇಶದಲ್ಲಿ ಒಟ್ಟು ಆದ ಉತ್ಪನ್ನದಲ್ಲಿ ಅದು ನೂರಕ್ಕೆ ಎಷ್ಟು ಎಂದು ಹೇಳುವ ರೂಢಿ. ಯುರೋಪಿನ ದೇಶಗಳು ಮಾಸ್ಟ್ರಿಕ್ಟ್ ಎಂಬ ಊರಿನಲ್ಲಿ ಸೇರಿ, ಈ ಕೊರತೆ ನೂರಕ್ಕೆ ಮೂರು ದಾಟಬಾರದು ಎಂದು ಒಪ್ಪಂದ ಮಾಡಿಕೊಂಡವು. ಆಮೇಲೆ ನಮ್ಮ ದೇಶವೂ ಅದೇ ಮೂರನ್ನು ಕಾನೂನಿನಲ್ಲಿ ಗುರಿಯೆಂದು ಬರೆದುಕೊಂಡಿತು. ಗುರಿ ಮುಟ್ಟಿದ್ದು ಅಪರೂಪ, ಅದು ಬೇರೆ ಮಾತು.

ಇಪ್ಪತ್ತೈದು ವರ್ಷದ ಹಿಂದೆ ಕೊನೆಯ ಬೆಂಚಿನ ಲೋಕೇಶ ಎಂಬ ವಿದ್ಯಾರ್ಥಿ ಎದ್ದು ನಿಂತು ಕೇಳಿದ: "ಮೇಡಂ, ಮೂರೇ ಯಾಕೆ? ಎರಡೂವರೆ ಯಾಕಲ್ಲ, ನಾಲ್ಕು ಯಾಕಲ್ಲ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. "ದೊಡ್ಡ ದೊಡ್ಡ ಪಂಡಿತರು ವರ್ಷಗಟ್ಟಲೆ ಲೆಕ್ಕ ಹಾಕಿ ಕಂಡುಹಿಡಿದದ್ದು. ನಿನ್ನ ತಲೆಗೆ ಹೋಗಲ್ಲ, ಕೂತ್ಕೋ" ಅಂದೆ. ಅವನು ಕೂತ. ಆದರೆ ಕಾಲೇಜಿನ ಪರೀಕ್ಷೆಯಲ್ಲಿ ಮೂರರ ಮಿತಿಗೆ ಕಾರಣ ವಿವರಿಸಿ ಎಂದು ನಾನೇ ಕೇಳಿದ ಪ್ರಶ್ನೆಗೆ ಒಂದೇ ಸಾಲು ಬರೆದ: "ಯಾರೋ ಒಬ್ಬರು ಮನಸ್ಸಿಗೆ ಬಂದದ್ದು ಹೇಳಿದರು, ಮಿಕ್ಕವರು ತಲೆಯಾಡಿಸಿದರು."

ನಾನು ಸೊನ್ನೆ ಸುತ್ತಿದೆ. ಅಷ್ಟಕ್ಕೇ ಬಿಟ್ಟಿದ್ದರೆ ನೀವು ಈ ಕಥನ ಓದುವ ಪ್ರಮೇಯವೇ ಬರುತ್ತಿರಲಿಲ್ಲ. ಆ ಸಾಲನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದೆ. ಅವತ್ತಿನಿಂದ ಅವನಿಗೆ 'ಮೂರ್ ಪರ್ಸೆಂಟ್ ಲೋಕೇಶ' ಎಂಬ ಹೆಸರು ಅಂಟಿತು. ಮುಂದಿನ ತಿಂಗಳು ಅವನು ಕಾಲೇಜು ಬಿಟ್ಟು ಅಪ್ಪನ ಕೊಬ್ಬರಿ ಮಂಡಿಯಲ್ಲಿ ಕೂತ. ಮಂಡಿ ಚೆನ್ನಾಗಿಯೇ ನಡೆಯಿತು. ತುರುವೇಕೆರೆ ರಸ್ತೆಯ ನಮ್ಮ ತೋಟದ ಕೊಬ್ಬರಿಯೂ ಅಲ್ಲಿಗೇ ಹೋಗುತ್ತದೆ. ಅಡ್ಡಹೆಸರು ಮಾತ್ರ ಅವನನ್ನು ಬಿಡಲಿಲ್ಲ.

ಈ ವರ್ಷ ಅವನ ಮಗಳು ಚೈತ್ರ ಪಿಯುಸಿ ಮುಗಿಸಿ, ಮೈಸೂರಿನಲ್ಲಿ ಅರ್ಥಶಾಸ್ತ್ರ ತೆಗೆದುಕೊಂಡು ಬಿ.ಎ. ಓದುತ್ತೇನೆ ಎಂದು ಹಟ ಹಿಡಿದಳು. ಅಪ್ಪ ಸುತರಾಂ ಒಪ್ಪಲಿಲ್ಲ. ಅವಳು ನನ್ನ ಬಳಿ ಬಂದು, "ನೀವು ಒಂದು ಮಾತು ಹೇಳಿ ಮೇಡಂ" ಎಂದಳು. ಅಪ್ಪನಿಗೆ ಆ ಹೆಸರು ಅಂಟಿಸಿದ್ದು ನಾನೇ ಎಂದು ಇವಳಿಗೆ ಗೊತ್ತಿಲ್ಲವಲ್ಲ ಎಂದು ಒಳಗೊಳಗೇ ಬೆವೆತೆ. ಆದರೂ ಮಂಡಿಗೆ ಹೋದೆ.

ಲೋಕೇಶ ಕುರ್ಚಿ ಹಾಕಿಸಿದ, ಎಳನೀರು ತರಿಸಿದ, ಆಮೇಲೆ ಹೇಳಿದ: "ಅಲ್ಲ ಮೇಡಮ್ಮೋರೆ, ಯಾವ ಸಬ್ಜೆಕ್ಟು ನನ್ನ ಊರ ಮುಂದೆ ನಗೆಪಾಟಲು ಮಾಡ್ತೋ ಅದನ್ನೇ ನನ್ ಮಗಳು ಓದ್ಬೇಕಾ? ಬಿಕಾಂ ಮಾಡ್ಲಿ, ಇಲ್ಲೇ ಕೂತ್ಕಂಡು ಜಿಎಸ್‌ಟಿ ನೋಡ್ಕಳ್ಲಿ." ನಾನು ಏನೋ ಹೇಳಲು ಬಾಯಿ ತೆರೆದೆ. ಅವನು ಕೈ ಎತ್ತಿ ತಡೆದ. "ಒಂದ್ ಕೆಲ್ಸ ಮಾಡಿ. ಆ ಮೂರಕ್ಕೆ ಕಾರಣ ಏನು ಅಂತ ತಿಳ್ಕಂಡ್ ಬಂದು ಹೇಳಿ. ಸರಿಯಾದ್ ಕಾರಣ ಇದ್ರೆ ನಾಳೆನೇ ಕಳಿಸ್ತೀನಿ. ಇಲ್ದಿದ್ರೆ ಅದು ವಿದ್ಯೆನೇ ಅಲ್ಲ ಅಂತ ಒಪ್ಕಂಬುಡಿ. ಫೋನಲ್ಲಿ ನೋಡಿದ್ ಕತೆ ಬ್ಯಾಡ, ಫೋನು ನನ್ನತ್ರನೂ ಐತೆ."

ನಾನೂ ನಮ್ಮ ಯಜಮಾನರೂ ಆ ತಿಂಗಳೇ ಬೆಂಗಳೂರಿನ ಒಂದು ತಂಡದ ಜೊತೆ ಯುರೋಪ್ ಪ್ರವಾಸಕ್ಕೆ ಹೆಸರು ಕೊಟ್ಟಿದ್ದೆವು. ಮನೆಗೆ ಬಂದು ನಕ್ಷೆ ತೆಗೆದು ನೋಡಿದರೆ, ನಾವು ಇಳಿಯುವ ಬ್ರಸೆಲ್ಸಿನಿಂದ ಮಾಸ್ಟ್ರಿಕ್ಟ್ ಎರಡು ಬೆರಳಿನಷ್ಟು ದೂರ. ಚೈತ್ರಳ ಅರ್ಜಿಗೆ ಇನ್ನೂ ಸಮಯವಿತ್ತು. ಒಪ್ಪಂದಕ್ಕೆ ಸಹಿ ಬಿದ್ದ ಕಟ್ಟಡದ ವಿಳಾಸ ಹುಡುಕಿ ಒಂದು ಇ-ಮೇಲ್ ಬರೆದೆ: ನಾನು ಭಾರತದ ತೆಂಗಿನ ಸೀಮೆಯ ನಿವೃತ್ತ ಉಪನ್ಯಾಸಕಿ, ನನಗೊಂದು ಸಂದೇಹವಿದೆ. ನಾಲ್ಕನೇ ದಿನ ಯಾನ್ ಎಂಬುವರಿಂದ ಉತ್ತರ ಬಂತು. ತಾನು ಅಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಬಂದರೆ ತೋರಿಸುತ್ತೇನೆ ಎಂದಿದ್ದರು.

ಬೆಂಗಳೂರು, ವಿಮಾನ ನಿಲ್ದಾಣ

ಪ್ರವಾಸದ ಮೊದಲ ಅನಾಹುತ ದೇಶ ಬಿಡುವ ಮೊದಲೇ ಆಯಿತು. ನಮ್ಮ ಯಜಮಾನರು ನನಗೆ ಹೇಳದೆ ಸೂಟ್‌ಕೇಸಿನಲ್ಲಿ ಹತ್ತು ಉಂಡೆ ಕೊಬ್ಬರಿ ತುಂಬಿದ್ದರು. ಪರಸ್ಥಳಕ್ಕೆ ಬರಿಗೈಲಿ ಹೋಗಬಾರದು ಎಂಬುದು ಅವರ ಸಿದ್ಧಾಂತ. ತಿಪಟೂರಿನವರು ಮದುವೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ವಿಧಾನಸೌಧಕ್ಕೆ ಹೋಗಲಿ, ಬ್ಯಾಗಿನಲ್ಲಿ ನಾಲ್ಕು ಕೊಬ್ಬರಿ ಇರಲೇಬೇಕು. ಯಂತ್ರದಲ್ಲಿ ಹತ್ತು ಗುಂಡುಗಳು ಸಾಲಾಗಿ ಕಂಡಿವೆ. ನಮ್ಮನ್ನು ಕರೆಸಿದರು.

ಸಮವಸ್ತ್ರದ ಹೆಣ್ಣುಮಗಳು ಪೆಟ್ಟಿಗೆ ತೆಗೆಸಿ, "ಅಂಕಲ್, ಕೊಬ್ಬರಿ ತಗೊಂಡು ಹೋಗೋ ಹಾಗಿಲ್ಲ. ಅದರಲ್ಲಿ ಎಣ್ಣೆ ಇರುತ್ತೆ, ತಾನಾಗೇ ಬೆಂಕಿ ಹತ್ತಿಕೊಳ್ಳೋ ವಸ್ತು ಅಂತ ರೂಲ್ಸ್ ಇದೆ" ಎಂದಳು.

ಯಜಮಾನರಿಗೆ ಅವಳು ಅವರ ವಂಶಕ್ಕೇ ಬೈದಂತೆ ಆಯಿತು. "ನೋಡಮ್ಮ, ನಮ್ಮನೆ ಅಟ್ಟದ್ ಮೇಲೆ ಹತ್ತು ಸಾವಿರ ಕಾಯಿ ಹನ್ನೊಂದು ತಿಂಗಳು ಒಣಗ್ತಾ ಬಿದ್ದಿರ್ತವೆ. ಅದರ ಕೆಳಗೇ ನಾನು ಮಂಚ ಹಾಕ್ಕಂಡು ಮಲಗ್ತೀನಿ. ನಮ್ಮಪ್ಪನೂ ಅಲ್ಲೇ ಮಲಗ್ತಿದ್ದ. ಇಬ್ರಲ್ಲಿ ಯಾರೂ ಸುಟ್ಟೋಗಿಲ್ಲ."

"ನಂದು ಅರಸೀಕೆರೆ ಅಂಕಲ್, ನಮ್ಮನೇಲೂ ಅಟ್ಟ ಇದೆ" ಎಂದು ಅವಳು ನಕ್ಕಳು. "ಯಾಕೆ ಅಂತ ನನ್ನ ಕೇಳಬೇಡಿ. ರೂಲ್ಸು ಅಷ್ಟೆ."

ಯಜಮಾನರು ಹತ್ತನ್ನೂ ಹೊರಗೆ ತೆಗೆದು, ಒಂದೊಂದನ್ನೇ ಕಿವಿಯ ಹತ್ತಿರ ತಟ್ಟಿ ನೋಡಿ, ಅಲ್ಲಿ ಕಸ ಗುಡಿಸುತ್ತಿದ್ದ ಹೆಂಗಸರಿಗೆ ಹಂಚಿದರು. "ಗಟ್ಟಿ ಮಾಲು ಕಣಮ್ಮ, ಹೋಳಿಗೆಗೆ ಹಾಕ್ಕಳಿ" ಎಂದು ಸಲಹೆಯನ್ನೂ ಕೊಟ್ಟರು. ನಮ್ಮ ಹಿಂದಿನ ಸಾಲು ಬಾಗಿಲಿನವರೆಗೂ ಬೆಳೆದಿತ್ತು. ಆದರೆ ನಾನು ಕಟ್ಟಿಕೊಂಡಿದ್ದ ಚಟ್ನಿಪುಡಿಯಲ್ಲೂ ಅರ್ಧದಷ್ಟು ಕೊಬ್ಬರಿಯೇ ಇತ್ತು. ಅದನ್ನು ಯಾವ ಯಂತ್ರವೂ ಗುರುತಿಸಲಿಲ್ಲ, ನಾನೂ ಪರಿಚಯ ಮಾಡಿಸಲು ಹೋಗಲಿಲ್ಲ.

ಬ್ರಸೆಲ್ಸ್

ಬ್ರಸೆಲ್ಸಿನಲ್ಲಿ ನಮ್ಮ ತಂಡಕ್ಕೆ ಒಂದು ದಿನ ಬಿಡುವು ಕೊಟ್ಟಿದ್ದರು. ಮಿಕ್ಕ ಮೂವತ್ತು ಜನ ಚಾಕಲೇಟ್ ಅಂಗಡಿಗಳ ಕಡೆ ನುಗ್ಗಿದರು. ನಾವಿಬ್ಬರು ರೈಲ್ವೆ ಸ್ಟೇಷನ್ ದಾರಿ ಕೇಳಿದಾಗ ಟೂರ್ ಮ್ಯಾನೇಜರು, "ಅಲ್ಲಿ ಏನಿದೆ ಆಂಟಿ?" ಎಂದ. ಮೂರು ಪರ್ಸೆಂಟ್ ಇದೆ ಎಂದೆ. ಅವನು ನಮ್ಮ ಪಾಸ್‌ಪೋರ್ಟಿನ ಫೋಟೋ ಇನ್ನೊಂದು ಸಲ ತೆಗೆದುಕೊಂಡ, ಕಳೆದುಹೋದರೆ ಇರಲಿ ಎಂದು.

ಈ ಊರಿನ ಜನ ರಸ್ತೆ ದಾಟುವುದನ್ನು ನೋಡಬೇಕು. ಒಂದು ವಾಹನವೂ ಇರುವುದಿಲ್ಲ, ಆದರೂ ದೀಪ ಹಸಿರಾಗುವ ತನಕ ನಿಂತಿರುತ್ತಾರೆ. ಯಜಮಾನರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಪಂಚೆ ಎತ್ತಿಕಟ್ಟುವ ಅಭ್ಯಾಸದಲ್ಲಿ ಪ್ಯಾಂಟನ್ನು ಎಳೆದುಕೊಂಡು ದಾಟಿಯೇ ಬಿಟ್ಟರು. ಆ ಕಡೆ ನಿಂತಿದ್ದ ಒಬ್ಬ ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಲಾರಿಗಳ ನಡುವೆ ದಾಟುವವರಿಗೆ ಇಂಥ ನೋಟವೆಲ್ಲ ತಾಗುವುದಿಲ್ಲ.

ಲಿಯೇಜ್

ಲಿಯೇಜ್ ಎಂಬಲ್ಲಿ ರೈಲು ಬದಲಿಸಬೇಕಿತ್ತು. ನಮ್ಮ ರೈಲು ಕಣ್ಣೆದುರಿಗೇ ಬಂದು ನಿಂತಿತು. ಬಾಗಿಲು ಮುಚ್ಚಿತ್ತು. ನಾವು ಅದರ ಮುಂದೆ ಮರ್ಯಾದೆಯಿಂದ ನಿಂತೆವು. ತೆರೆಯುತ್ತದೆ ಎಂದು ನಾನು ಅಂದುಕೊಂಡೆ, ಒಳಗಿನವರು ತೆರೆಯುತ್ತಾರೆ ಎಂದು ಅವರು ಅಂದುಕೊಂಡರು. ಯಾರೂ ತೆರೆಯಲಿಲ್ಲ. ರೈಲು ಹೊರಟುಹೋಯಿತು. ಬಾಗಿಲ ಪಕ್ಕದ ಗುಂಡಿಯನ್ನು ನಾವೇ ಒತ್ತಬೇಕಂತೆ. ತಿಪಟೂರಿನ ಪ್ಯಾಸೆಂಜರಿನಲ್ಲಿ ಬಾಗಿಲು ಮುಚ್ಚಿದ್ದನ್ನು ನಾನು ಈವರೆಗೆ ನೋಡಿಲ್ಲ, ಅಲ್ಲಿ ಯಾವಾಗಲೂ ನಾಲ್ಕು ಜನ ಕೂತಿರುತ್ತಾರೆ.

ಮುಂದಿನ ರೈಲಿಗೆ ಒಂದು ಗಂಟೆ ಇತ್ತು. ಬೆಂಚಿನ ಮೇಲೆ ಕೂತು ಚಪಾತಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಯಜಮಾನರಿಗೆ ಹೊಟ್ಟೆ ತುಂಬಿದ ಮೇಲೆ ಜ್ಞಾನದ ಹಸಿವು ಶುರುವಾಗುತ್ತದೆ.

"ಅಲ್ಲ ಕಣೇ, ದೇಶದ ಉತ್ಪನ್ನದಲ್ಲಿ ನೂರಕ್ಕೆ ಮೂರು ಅಂತೀಯಲ್ಲ. ನಮ್ಮಟ್ಟದ್ ಮೇಲಿನ ಕಾಯಿ ಹೋದ್ ವರ್ಷ ಕಿತ್ತಿದ್ದು, ಮಾರೋದು ಈ ವರ್ಷ. ಅದು ಯಾವ್ ವರ್ಷದ ಉತ್ಪನ್ನ?"

ದಾಸ್ತಾನು ಎಂದು ಲೆಕ್ಕ ಹಿಡಿಯುತ್ತಾರೆ ಎಂದೆ.

"ಯಾರ್ ಬಂದು ಎಣಿಸಿದ್ರು? ಅಟ್ಟ ಹತ್ತಿದ್ರಾ?"

"ಹತ್ತಲ್ಲ ರೀ. ಅಂದಾಜು ಮಾಡ್ತಾರೆ."

"ಹಂಗಾದ್ರೆ ಆ ನೂರೇ ಅಂದಾಜು, ಅದರಲ್ಲಿ ಮೂರು ಮಾತ್ರ ಪಕ್ಕಾ" ಎಂದು ಅವರು ಕೈ ಒರೆಸಿಕೊಂಡರು. ಮೂವತ್ತು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಇದನ್ನು ಕೇಳಿರಲಿಲ್ಲ. ಬಹುಶಃ ಕೇಳುವವನನ್ನು ನಾನು ಮೊದಲೇ ಮಂಡಿಗೆ ಕಳಿಸಿಬಿಟ್ಟಿದ್ದೆ. ಆ ಯೋಚನೆ ಬಂದಾಗ ಉಳಿದ ಚಪಾತಿಯನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟೆ.

ಮಾಸ್ಟ್ರಿಕ್ಟ್

ಅಷ್ಟು ದೊಡ್ಡ ಹೆಸರಿನ ಊರು ಇಷ್ಟು ಚಿಕ್ಕದೇ ಎನಿಸಿತು. ಇಟ್ಟಿಗೆಯ ಮನೆಗಳು, ಕಲ್ಲು ಹಾಸಿದ ಓಣಿಗಳು, ನಡುವೆ ಮಾಸ್ ಎಂಬ ನದಿ, ಅದರ ಮೇಲೊಂದು ಹಳೇ ಕಮಾನು ಸೇತುವೆ. ಸೈಕಲ್ಲುಗಳು ಗಂಟೆಯನ್ನೂ ಹೊಡೆಯದೆ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತವೆ. ಒಂದು ಅಂಗಡಿಯಲ್ಲಿ ದಾರಿ ಕೇಳುತ್ತ, ಮೂರು ಪರ್ಸೆಂಟ್ ಬಗ್ಗೆ ಗೊತ್ತೇ ಎಂದು ವಿಚಾರಿಸಿದೆ. ಅಂಗಡಿಯಾಕೆ ಯೋಚಿಸಿ, ಇವತ್ತು ಅದಕ್ಕಿಂತ ಹೆಚ್ಚಿನ ರಿಯಾಯಿತಿಯೇ ಇದೆ ಎಂದು ಕಾಲುಚೀಲಗಳನ್ನು ತೋರಿಸಿದಳು. ಯಜಮಾನರು ಎರಡು ಜೊತೆ ಕೊಂಡರು.

ಯಾನ್ ನದಿಯ ಪಕ್ಕದ ಕಟ್ಟಡದ ಬಾಗಿಲಲ್ಲೇ ನಿಂತಿದ್ದರು. ಎಂಬತ್ತರ ಹತ್ತಿರದ ಉದ್ದನೆಯ ಆಸಾಮಿ. ರೈಲು ತಪ್ಪಿದ ಸುದ್ದಿ ತಿಳಿಸಿದ್ದರೂ, ನಾವು ಬಂದೊಡನೆ ಗಡಿಯಾರ ನೋಡಿಕೊಂಡರು. ಒಪ್ಪಂದಕ್ಕೆ ಸಹಿ ಬಿದ್ದ ದಿನ ಆ ಸಭಾಂಗಣದಲ್ಲಿ ಕುರ್ಚಿ ಜೋಡಿಸಿದವರಲ್ಲಿ ಅವರೂ ಒಬ್ಬರಂತೆ. ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ದೊಡ್ಡ ಕೋಣೆ, ಮೇಜು, ಕುರ್ಚಿ. ನಾನು ಮೇಜಿನ ಮೇಲೆ ಕೈ ಇಟ್ಟೆ. ಮೈ ಜುಮ್ಮೆನ್ನುತ್ತದೆ ಎಂದುಕೊಂಡಿದ್ದೆ. ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಮೇಜಿನ ಮೇಲೆ ಕೈ ಇಟ್ಟಂತೆಯೇ ಇತ್ತು.

ಆಮೇಲೆ ಎರಡು ಓಣಿ ಆಚೆಗಿದ್ದ ತಮ್ಮ ಮನೆಗೆ ಕರೆದರು. ಕೂತೊಡನೆ, "ಕಾಫಿ?" ಎಂದು ಕೇಳಿದರು. ನಮ್ಮ ಕಡೆ ಏನು ಹೇಳುತ್ತೇವೆ? "ಬೇಡ, ಈಗ ತಾನೇ ಆಯ್ತು" ಎನ್ನುತ್ತೇವೆ. ಅವರು ಇನ್ನೊಮ್ಮೆ ಕೇಳಬೇಕು, ನಾವು ಇನ್ನೊಮ್ಮೆ ಬೇಡ ಎನ್ನಬೇಕು. ಮೂರನೇ ಸಲ, "ಅಯ್ಯೋ, ಒಂದ್ ಗುಟುಕು ಕುಡೀರಿ" ಎಂದಾಗ, "ಸರಿ, ಅರ್ಧ ಲೋಟ ಕೊಡಿ" ಎಂದು ಪೂರ್ತಿ ಕುಡಿಯಬೇಕು. ನಾನು ಬೇಡ ಎಂದೆ. ಯಜಮಾನರೂ ಬೇಡ ಎಂದು ತಲೆಯಾಡಿಸಿದರು. ಯಾನ್ "ಸರಿ" ಎಂದು ತಮಗೊಂದು ಲೋಟ ಬಗ್ಗಿಸಿಕೊಂಡು ಬಂದು ನಮ್ಮೆದುರಿಗೆ ಕೂತು ಕುಡಿದರು. ಎರಡನೇ ಸಲ ಕೇಳಲೇ ಇಲ್ಲ.

ಯಜಮಾನರ ಮುಖ ನೋಡುವಂತಿತ್ತು. ಬೆಳಗ್ಗೆಯಿಂದ ಕಾಫಿ ಇಲ್ಲದೆ ಅವರ ತಲೆ ಸಿಡಿಯುತ್ತಿತ್ತು. "ಇದೇನೇ, ಬ್ಯಾಡ ಅಂದ್ರೆ ಬ್ಯಾಡ ಅಂತನೇ ತಿಳ್ಕಂಬುಟ್ನಲ್ಲ" ಎಂದು ಕನ್ನಡದಲ್ಲಿ ಗೊಣಗಿದರು. ಏನಂದರು ಎಂದು ಯಾನ್ ಕೇಳಿದರು. ನಾನು ಮುಚ್ಚಿಡದೆ ನಮ್ಮ ಮೂರು ಸಲದ ಪದ್ಧತಿ ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಮೂರೇ ಸಲ ಯಾಕೆ?" ಎಂದರು. ನಾನು ಯಜಮಾನರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಗೊತ್ತಿಲ್ಲ ಎಂದೆ. ಅಷ್ಟು ದೂರ ಹೋಗಿ ನಾನು ಆ ಮಾತು ಕಲಿತೆ. ಯಾನ್ ಎದ್ದು ಹೋಗಿ ಎರಡು ಲೋಟ ಕಾಫಿ ತಂದರು. ಜೊತೆಗೆ ಒಂದೊಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದರು.

ನಾನು ನನ್ನ ಪ್ರಶ್ನೆ ಕೇಳಿದೆ. ಚೈತ್ರಳ ವಿಷಯವನ್ನೂ ಹೇಳಿದೆ. ಲೋಕೇಶನನ್ನು ನಗೆಪಾಟಲು ಮಾಡಿದ್ದನ್ನು ಮಾತ್ರ ಹೇಳಲು ನಾಚಿಕೆಯಾಗಿ ಬಿಟ್ಟೆ.

"ಮೂರು ಈ ಊರಿನಲ್ಲಿ ಹುಟ್ಟಿದ್ದಲ್ಲ" ಎಂದರು ಯಾನ್. "ಇಲ್ಲಿ ಆದದ್ದು ನಾಮಕರಣ. ಅದು ಹುಟ್ಟಿದ್ದು ಪ್ಯಾರಿಸಿನಲ್ಲಿ, ಹತ್ತು ವರ್ಷ ಮೊದಲೇ. ಅಲ್ಲಿನ ಮಂತ್ರಿಗಳು ದಿನಾ ಬಂದು ದುಡ್ಡು ಕೇಳುತ್ತಿದ್ದರು. ಬೇಡ ಎನ್ನಲು ಅಧ್ಯಕ್ಷರಿಗೆ ಒಂದು ನಿಯಮ ಬೇಕಿತ್ತು. ಬೇಗ ಒಂದು ಮಾಡಿಕೊಡಿ ಎಂದು ಹಣಕಾಸಿನ ಕಚೇರಿಯ ಚಿಕ್ಕ ವಯಸ್ಸಿನ ಇಬ್ಬರು ಅಧಿಕಾರಿಗಳಿಗೆ ಹೇಳಿದರು. ಒಂದು ಅಂದರೆ ಸಾಧ್ಯವೇ ಇಲ್ಲ, ಎರಡು ಅಂದರೆ ಬಿಗಿಯಾಯಿತು, ಮೂರು ಅಂದರೆ ಕೇಳುವುದಕ್ಕೂ ಗಟ್ಟಿ. ಒಂದು ಗಂಟೆಯೂ ಹಿಡಿಯಲಿಲ್ಲ. ಹಿಂದೆ ಯಾವ ಸಿದ್ಧಾಂತವೂ ಇರಲಿಲ್ಲ ಎಂದು ಆ ಇಬ್ಬರಲ್ಲಿ ಒಬ್ಬರು ಮುಂದೆ ತಾವೇ ಪತ್ರಿಕೆಯವರಿಗೆ ಹೇಳಿದ್ದಾರೆ."

ನನ್ನ ಕೈಯ ಬಿಸ್ಕತ್ತು ಕಾಫಿಯೊಳಗೆ ಮುರಿದು ಬಿತ್ತು. ಲೋಕೇಶ ಬರೆದಿದ್ದ ಸಾಲಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಾನು ಸೊನ್ನೆ ಸುತ್ತಿದ್ದು ಸರಿಯುತ್ತರಕ್ಕೆ.

ನನ್ನ ಮುಖ ನೋಡಿ ಯಾನ್‌ಗೆ ಪಾಪ ಎನಿಸಿರಬೇಕು. ಒಂದು ಕಾಗದ ತೆಗೆದುಕೊಂಡರು. "ನಿಮಗೆ ಕಾರಣ ಬೇಕೇ ಬೇಕೆಂದರೆ ಒಂದಿದೆ. ದೇಶದ ಸಾಲ ಉತ್ಪನ್ನದ ನೂರಕ್ಕೆ ಅರವತ್ತಿದೆ ಎನ್ನಿ. ಉತ್ಪನ್ನ ವರ್ಷಕ್ಕೆ ನೂರಕ್ಕೆ ಐದರಂತೆ ಬೆಳೆಯುತ್ತದೆ ಎನ್ನಿ. ಅರವತ್ತರಲ್ಲಿ ನೂರಕ್ಕೆ ಐದು ಅಂದರೆ ಮೂರು. ಕೊರತೆ ಮೂರೇ ಇದ್ದರೆ ಸಾಲದ ಪ್ರಮಾಣ ಏರುವುದಿಲ್ಲ. ನೋಡಿ, ಎಷ್ಟು ಚೆನ್ನಾಗಿ ಕೂರುತ್ತದೆ. ಆದರೆ ಇದನ್ನು ಹುಡುಕಿದ್ದು ಆಮೇಲೆ. ಅರವತ್ತು ಯಾಕೆ ಎಂದು ಮಾತ್ರ ಕೇಳಬೇಡಿ, ಆಗ ಎಲ್ಲ ದೇಶಗಳ ಸರಾಸರಿ ಸುಮಾರು ಅಷ್ಟಿತ್ತು." ಬರೆದ ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟರು. ಮದುವೆ ಮುಗಿದ ಮೇಲೆ ಜಾತಕ ಹೊಂದಿಸಿದ ಹಾಗಿತ್ತು ಅದು.

ಹೊರಡುವಾಗ ಚಟ್ನಿಪುಡಿಯ ಡಬ್ಬಿಯನ್ನು ಅವರಿಗೇ ಕೊಟ್ಟೆ. ಅವರು ಬ್ರೆಡ್ಡಿನ ಮೇಲೆ ಸುರಿದುಕೊಂಡು ಕಚ್ಚಿ, ಕಣ್ಣಲ್ಲಿ ನೀರು ಬಂದರೂ ಚೆನ್ನಾಗಿದೆ ಎಂದರು. ಇನ್ನೊಂದು ಚಮಚ ಹಾಕಲೇ ಎಂದು ಯಜಮಾನರು ಕೇಳಿದರು, ಅವರು ಬೇಡ ಎಂದರು. ಯಜಮಾನರು ಮತ್ತೆರಡು ಸಲ ಕೇಳಿ ಹಾಕಿಯೇ ಬಿಟ್ಟರು.

ಸೇತುವೆಯ ಮೇಲೆ

ರೈಲಿಗೆ ಸಮಯವಿತ್ತು. ಹಳೇ ಸೇತುವೆಯ ಮೇಲೆ ನಿಂತು ದೋಣಿಗಳನ್ನು ನೋಡಿದೆವು. ಕಾಗದ ನನ್ನ ಪರ್ಸಿನಲ್ಲಿತ್ತು. ಅದನ್ನು ಲೋಕೇಶನ ಮೇಜಿನ ಮೇಲಿಟ್ಟರೆ ಮುಗಿಯಿತು: ಅರವತ್ತು, ಐದು, ಮೂರು. ಲೆಕ್ಕದ ಮನುಷ್ಯ, ಒಪ್ಪಿಕೊಳ್ಳುತ್ತಾನೆ. ಚೈತ್ರ ಮೈಸೂರಿಗೆ ಹೋಗುತ್ತಾಳೆ. ನಾನು ಪಂಡಿತರ ವಿಷಯ ಹೇಳಿದ್ದೂ ಸುಳ್ಳಾಗುವುದಿಲ್ಲ. ನಿಜ ಹೇಳಿದರೆ ಆ ಮಗುವಿನ ಓದು ಹೋಗುತ್ತದೆ, ನನ್ನ ಮಾನವೂ ಹೋಗುತ್ತದೆ. ಯಾವುದು ಹೋಗುವುದಕ್ಕೆ ನಾನು ಹೆಚ್ಚು ಹೆದರುತ್ತಿದ್ದೆ ಎಂದು ಈಗ ಕೇಳಿದರೆ, ಮಾನ ಎಂದೇ ಹೇಳಬೇಕು.

"ಏನ್ ಹೇಳ್ತೀಯ ಅವನಿಗೆ?" ಎಂದರು ಯಜಮಾನರು.

"ಈ ಚೀಟಿ ತೋರಿಸಿಬಿಡೋಣ ಅಂತ."

ಅವರು ಸೇತುವೆಯ ಕಟ್ಟೆಗೆ ಒರಗಿದರು. "ನೀನ್ ಸುಳ್ ಹೇಳಿದ್ರೆ ನಾನೇನು ಬಾಯ್ ಬುಡಲ್ಲ ಕಣೇ. ಆದ್ರೆ ಆ ಮಗು ಇದನ್ನೇ ತಾನೆ ಓದಾಕ್ ಹೋಗ್ತಿರೋದು? ಎರಡ್ ವರ್ಷಕ್ಕೆ ಅವಳಿಗೇ ನಿಜ ಗೊತ್ತಾಯ್ತದೆ. ಆಗ ಏನಂತ ಅಂದ್ಕಳ್ತಾಳೆ ನಿನ್ನ?"

ಅದು ನನಗೆ ಹೊಳೆದಿರಲಿಲ್ಲ. ಸಿಟ್ಟು ಬಂತು. ಕಾಲುಚೀಲ ಕೊಳ್ಳುವುದಕ್ಕೆ ಬಂದವರ ಬಾಯಲ್ಲಿ ಇಂಥ ಮಾತು ಬಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ವಾಪಸ್ ಹೋಗುವಾಗ ಎಲ್ಲ ರೈಲಿನ ಗುಂಡಿಗಳನ್ನೂ ಅವರೇ ಒತ್ತಿದರು. ನಾನು ಲಿಯೇಜ್ ದಾಟುವ ತನಕ ಕಿಟಕಿಯ ಕಡೆಯೇ ಮುಖ ಮಾಡಿ ಕೂತೆ.

ವಾಪಸ್ಸು, ಮಂಡಿ

ಊರಿಗೆ ಬಂದ ಮೂರನೇ ದಿನ ನಮ್ಮ ಹನ್ನೊಂದು ಚೀಲ ಕೊಬ್ಬರಿ ಹೇರಿಕೊಂಡು ಹೊರಟ ಯಜಮಾನರ ಜೊತೆ ನಾನೂ ಮಂಡಿಗೆ ಹೋದೆ. ಬೆಳಗಿನ ಹೊತ್ತು, ಮಾಲು ತಂದಿದ್ದ ಆರೇಳು ಜನ ಬೆಳೆಗಾರರು ಅಲ್ಲೇ ಕೂತಿದ್ದರು. ಹಮಾಲಿಗಳು ಚೀಲಗಳನ್ನು ಒಂದೊಂದಾಗಿ ತಕ್ಕಡಿಗೆ ಏರಿಸಿ ತೂಕ ಕೂಗುತ್ತಿದ್ದರು. ರಜೆ ಅಲ್ಲವೇ, ಚೈತ್ರ ಮೇಜಿನ ಮುಂದೆ ಕೂತು ಬರೆದುಕೊಳ್ಳುತ್ತಿದ್ದಳು. ನನ್ನನ್ನು ನೋಡಿ ಅವಳ ಪೆನ್ನು ನಿಂತಿತು.

"ಬನ್ನಿ ಮೇಡಮ್ಮೋರೆ, ಸಿಕ್ತಾ ಕಾರಣ?" ಎಂದ ಲೋಕೇಶ.

ಕುರ್ಚಿಯಲ್ಲಿ ಕೂರಲಿಲ್ಲ. ಅವತ್ತು ನಿಂತೇ ನಗಿಸಿದ್ದೆ, ಇವತ್ತೂ ನಿಂತೇ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ. ಪ್ಯಾರಿಸಿನ ಇಬ್ಬರು ಅಧಿಕಾರಿಗಳು, ಒಂದು ಗಂಟೆ, ಒಂದು ಸಾಲದು, ಎರಡು ಬಿಗಿ, ಮೂರು ಇರಲಿ. ಚೀಟಿಯ ಲೆಕ್ಕವನ್ನೂ ಹೇಳಿ, ಅದು ಆಮೇಲೆ ಹೊಂದಿಸಿದ್ದು ಎಂಬುದನ್ನೂ ಹೇಳಿದೆ. "ನೀನು ಬರೆದದ್ದು ಸರಿ ಇತ್ತು ಲೋಕೇಶ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋ ಬದಲು ನಿನ್ನ ಮಾನ ಕಳೆದೆ. ತಪ್ಪಾಯ್ತು" ಎಂದೆ.

ಲೋಕೇಶ ಟವೆಲಿನಿಂದ ಮುಖ ಒರೆಸಿಕೊಂಡ, ಬೆವರೇನೂ ಇರಲಿಲ್ಲ. ಆಮೇಲೆ ಬೆಳೆಗಾರರ ಕಡೆ ತಿರುಗಿ, "ಕೇಳಿಸ್ಕಂಡ್ರಾ ಎಲ್ಲಾರೂ?" ಎಂದ. ಅವರು ಹೂಂಗುಟ್ಟಿದರು. ಇಪ್ಪತ್ತೈದು ವರ್ಷ ಕಾದಿದ್ದ ಮನುಷ್ಯ, ಇನ್ನೂ ಒಂದು ಸಲ ಕೇಳಿ ಖಾತ್ರಿ ಮಾಡಿಕೊಂಡ. ನನಗೆ ಒಂದು ಕ್ಷಣ ಮನಸ್ಸು ಹಗುರಾಯಿತು.

"ಅಲ್ಲಿಗೆ ಆಯ್ತಲ್ಲ" ಎಂದ. "ಕಾರಣನೇ ಇಲ್ದೆ ನಂಬರ್ ಇಟ್ಕಂಡು ದೇಶ ಆಳೋ ವಿದ್ಯೆ ಅದು. ಚೈತ್ರಾ, ಬಿಕಾಂ ಫಾರಂ ತುಂಬು."

ಹಗುರಾದದ್ದು ಮತ್ತೆ ಭಾರವಾಯಿತು. ಅವನ ಷರತ್ತಿಗೆ ಒಪ್ಪಿ ಹೋದವಳು ನಾನೇ. ಚೈತ್ರ ಮಾತ್ರ ಅತ್ತಳೂ ಇಲ್ಲ, ಜಗಳವನ್ನೂ ಆಡಲಿಲ್ಲ. ಹಮಾಲಿ ಮುಂದಿನ ಚೀಲದ ತೂಕ ಕೂಗಿದ. ಅವಳು ಬರೆಯಲಿಲ್ಲ.

"ಅಪ್ಪ, ಚೀಲಕ್ಕೆ ಒಂದ್ ಕೆ.ಜಿ. ಕಳಿ ಅಂತೀಯಲ್ಲ, ಅದ್ಯಾಕೆ?"

"ಖಾಲಿ ಚೀಲದ್ ತೂಕ ಕಣವ್ವ. ಗೋಣಿಗೂ ಕೊಬ್ಬರಿ ರೇಟ್ ಕೊಡಾಕಾಯ್ತದಾ?"

"ಒಂದೇ ಕೆ.ಜಿ. ಯಾಕೆ?"

"ನಿಮ್ ತಾತ ಒಂದ್ ಕಳೀತಿದ್ರು. ಎಲ್ಲಾರೂ ಒಪ್ಕಂಡವ್ರೆ."

"ತೂಗಿದೀಯಾ?"

ಲೋಕೇಶ ಉತ್ತರ ಕೊಡುವ ಮೊದಲೇ ಅವಳು ಎದ್ದು, ಮೂಲೆಯ ಖಾಲಿ ಗೋಣಿಚೀಲವೊಂದನ್ನು ಮಡಚಿ ತಕ್ಕಡಿಯ ಮೇಲಿಟ್ಟಳು. ಕೂತಿದ್ದ ಆರೇಳು ಜನರೂ ಎದ್ದು ಬಂದು ಕತ್ತು ಚಾಚಿದರು. ಕೆಂಪು ಅಂಕಿ ಅರ್ಧ ಕೆ.ಜಿ.ಯ ಮೇಲೆ ಒಂದಿಷ್ಟು ಹತ್ತಿ ನಿಂತಿತು. ಅವಳು ಇನ್ನೊಂದು ಚೀಲ ಇಟ್ಟು ನೋಡಿದಳು, ಮೊದಲನೆಯದು ಸವೆದು ಹಗುರಾಗಿದ್ದರೆ ಎಂದು. ಅದೂ ಅಷ್ಟೇ ತೋರಿಸಿತು.

ನಮ್ಮ ಯಜಮಾನರು ಮದುವೆಯಾದ ವರ್ಷದಿಂದ ಈ ಮಂಡಿಗೆ ಹಾಕಿದ ಚೀಲಗಳನ್ನು ಬೆರಳಿನಲ್ಲಿ ಎಣಿಸತೊಡಗಿದರು. ಪಕ್ಕದಲ್ಲಿದ್ದ ಅಮ್ಮಸಂದ್ರದ ಬೆಳೆಗಾರರೊಬ್ಬರು ಫೋನ್ ತೆಗೆದು ಗುಣಿಸಲು ಶುರುಮಾಡಿದರು. ಲೋಕೇಶನ ಕಿವಿ ಕೆಂಪಾಗಿತ್ತು. ತರಗತಿಯಲ್ಲಿ ಅವತ್ತು ನಿಂತಿದ್ದ ಮುಖವೇ ಅದು. ಈ ಸಲ ನನಗೆ ನಗು ಬರಲಿಲ್ಲ.

ಚೈತ್ರ ಮತ್ತೆ ಮೇಜಿನ ಮುಂದೆ ಕೂತು ಪೆನ್ನು ತೆಗೆದಳು. "ಇವತ್ತಿಂದ ಎಷ್ಟು ಕಳೀಲಿ ಅಪ್ಪ?"

ಲೋಕೇಶ ತಕ್ಕಡಿ ನೋಡಿದ, ಬೆಳೆಗಾರರನ್ನು ನೋಡಿದ, ಮಗಳನ್ನು ತುಂಬ ಹೊತ್ತು ನೋಡಿದ.

"ತೂಗಿದಷ್ಟೇ ಕಳಿ" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಮೇಡಮ್ಮೋರೆ, ಇವಳ್ನ ನಾಳೆನೇ ಮೈಸೂರಿಗೆ ಕರ್ಕಂಡ್ ಹೋಗಿ ಸೇರಿಸ್ಬುಡಿ. ಇನ್ನೊಂದು ವಾರ ಇಲ್ ಕೂತ್ರೆ ನಾನು ಮಂಡಿ ಬಾಗ್ಲು ಹಾಕ್ಬೇಕಾಯ್ತದೆ."